ಕಣ್ಣು ಮುಚ್ಚಿ ಆಡಿದ ಮಾತು

ಕಡಿಮೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಅವರ ಹತ್ತಿರ ಹೇಳುವುದಕ್ಕೇ ಏನೂ ಇಲ್ಲವೋ, ಇದ್ದರೂ ನಮ್ಮಂಥವರಿಗೆ ಹೇಳುವುದು ದಂಡ ಎಂದುಕೊಂಡಿದ್ದಾರೋ ಎಂದು ಅವರ ಮುಖವನ್ನೇ ನೋಡುತ್ತ ಕೂರುತ್ತೇನೆ. ಅಷ್ಟರಲ್ಲಿ ಅವರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸಿರುತ್ತೇನೆ. ನನ್ನ ತಂದೆ ಇಂಥವರೇ. ಮುಡಬಿಯ ಸುತ್ತಲಿನ ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತ ತಿರುಗಿದವರು. ಅವರ ಪ್ರಸಂಗ ಶುರುವಾಯಿತೆಂದು ಜನ ಸರಿಯಾಗಿ ಕೂತುಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಹಾಗಿದ್ದೂ ಆ ಕಡೆಯ ಜನ ಅವರು ಹೇಳಿದ ಎರಡು ಮಾತನ್ನು ಹತ್ತು ವರ್ಷ ನೆನಪಿಟ್ಟರು. ನಾನು ಎರಡು ತಾಸು ಹೇಳಿದ್ದನ್ನು ಜನ ಬಾಗಿಲು ದಾಟುವಾಗಲೇ ಮರೆಯುತ್ತಿದ್ದರು. ಅದು ಜನರ ದೋಷ ಎಂದು ಬಹಳ ದಿನ ನಂಬಿದ್ದೆ.

ನಾನು ಹುಮನಾಬಾದಿನ ಮಿಷನ್ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಯುದ್ಧದ ವರ್ಷಗಳ ಮಾತು ಇದು, ನಮ್ಮ ಸೀಮೆಯಲ್ಲಿ ಇನ್ನೂ ನಿಜಾಮರ ರಾಜ್ಯ. ತಗಡಿನ ಸೂರಿನ ಒಂದೇ ದೊಡ್ಡ ಕೋಣೆ. ವಾರವೆಲ್ಲ ಅದು ಶಾಲೆ. ಆದಿತ್ಯವಾರ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರೆ ಅದೇ ದೇವಾಲಯ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಾದ್ರಿ ಸಾಹೇಬರು ಇದ್ದದ್ದು ದೂರದ ಊರಿನಲ್ಲಿ, ನಮ್ಮಲ್ಲಿಗೆ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ, ಕರ್ತನ ಭೋಜನ ಕೊಡಲು, ಅಂದರೆ ರೊಟ್ಟಿಯ ಚೂರು, ದ್ರಾಕ್ಷಾರಸದ ಗುಟುಕು ಹಂಚಲು. ಉಳಿದ ವಾರಗಳಲ್ಲಿ ಪ್ರಸಂಗ, ಪ್ರಾರ್ಥನೆ ಎಲ್ಲ ನನ್ನದೇ. ಐದು ದಿನ ಮಕ್ಕಳು, ಆದಿತ್ಯವಾರ ಅವರ ತಂದೆತಾಯಿಗಳು. ಎದುರು ಮಾತಾಡದ ಶ್ರೋತೃಗಳು ಇಷ್ಟೊಂದು ಸಿಗುವ ನೌಕರಿ ಇಡೀ ಜಿಲ್ಲೆಯಲ್ಲಿ ಇನ್ನೊಂದು ಇರಲಿಲ್ಲ.

ನಾನು ಕೆಟ್ಟವನಲ್ಲ, ಇದನ್ನು ಓದುಗರು ನಂಬಬೇಕು. ನನ್ನ ಬಾಯಿಗೆ ಬರುವುದು ನಿಜ ಮಾತೇ, ಆದರೆ ಬರಬಾರದ ಹೊತ್ತಿಗೆ ಬರುತ್ತದೆ. ಚಿಟಗುಪ್ಪದಲ್ಲಿ ಒಂದು ಮದುವೆಯಲ್ಲಿ ವಧೂವರರನ್ನು ಹರಸಲು ಹೇಳಿದರು. ವರ ಸ್ವಲ್ಪ ಮಂದಬುದ್ಧಿಯವನಾದರೂ ಕೈ ಶುದ್ಧವಿರುವ ಹುಡುಗ ಎಂದು ಹರಸಿದೆ. ಮೆಚ್ಚುಗೆಯಿಂದಲೇ ಹೇಳಿದ್ದು. ಆ ಮನೆಯವರು ಆಮೇಲೆ ಮಕ್ಕಳ ನಾಮಕರಣಕ್ಕೂ ನನ್ನನ್ನು ಕರೆಯಲಿಲ್ಲ. ನಾನು ಯಾರನ್ನೂ ನೋಯಿಸದೆ ಮಾತಾಡಿದ ಭಾಷೆ ಎಂದರೆ ಉರ್ದು ಒಂದೇ. ಶಾಲೆ ತಪಾಸಣೆಗೆ ಬರುವ ಇನ್ಸ್‌ಪೆಕ್ಟರ್ ಸಾಹೇಬರ ಜೊತೆ ಉರ್ದುವಿನಲ್ಲೇ ಮಾತಾಡಬೇಕು. ನನಗೆ ಬರುತ್ತಿದ್ದದ್ದು ಎಲ್ಲ ಸೇರಿ ಮೂವತ್ತು ನಲವತ್ತು ಶಬ್ದ, ಅವೂ ಬಹುತೇಕ ವಂದನೆಯವು. ಆದ್ದರಿಂದ ಆ ಸಾಹೇಬರು ಪ್ರತಿ ವರದಿಯಲ್ಲೂ ನಾನು ಬಹಳ ಶಾಂತ, ವಿನಯವಂತ ಮನುಷ್ಯ ಎಂದು ಬರೆಯುತ್ತಿದ್ದರು. ವರದಿಯನ್ನು ಮನೆಯಲ್ಲಿ ಹೆಮ್ಮೆಯಿಂದ ಓದಿ ಹೇಳಿದೆ. ನನ್ನ ಹೆಂಡತಿ ರೂತಮ್ಮ, ಹಾಗಾದರೆ ಇನ್ನು ಮೇಲೆ ಮನೆಯಲ್ಲೂ ಉರ್ದುವಿನಲ್ಲೇ ಮಾತಾಡಿ ಅಂದಳು.

ಇಂಥ ದೂರುಗಳೆಲ್ಲ ಪಾದ್ರಿ ಸಾಹೇಬರ ಕಿವಿಗೆ ಬಿದ್ದವು. ಒಂದು ಸಲ ಬಂದಾಗ ಅವರು ಪ್ರಸಂಗಕ್ಕೆ ನಾಲಿಗೆಯ ವಿಷಯವನ್ನೇ ತೆಗೆದುಕೊಂಡರು. ಕುದುರೆಗೆ ಕಡಿವಾಣ ಹಾಕುತ್ತೇವೆ, ಎತ್ತಿಗೆ ಮೂಗುದಾರ ಹಾಕುತ್ತೇವೆ, ಬಾಯೊಳಗಿನ ಈ ಬೆರಳುದ್ದದ್ದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ನಾನು ತಲೆದೂಗುತ್ತ, ಈ ಮಾತು ಸಭೆಯಲ್ಲಿ ಯಾರ್‍ಯಾರಿಗೆ ಸರಿಯಾಗಿ ತಗಲುತ್ತದೆ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದೆ. ಊಟವಾದ ಮೇಲೆ ಅವರು ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು.

"ಮಾಸ್ತರ್ರೇ, ನಾ ಮತ್ತ ಬರೂತನ ಯಾರಿಗೂ ಬಿರುಸು ಮಾತು ಅನಬ್ಯಾಡ್ರಿ. ಮೂರೇ ತಿಂಗಳು. ಆಗ್ತದೇನ್ರಿ?"

ಆಗುತ್ತದೆ ಎಂದೆ. ಹಾಗೆ ಹೇಳುವುದಕ್ಕೂ ನಾನು ಕಾಲು ಗಂಟೆ ತೆಗೆದುಕೊಂಡೆ ಎಂದು ರೂತಮ್ಮ ಈಗಲೂ ಅನ್ನುತ್ತಾಳೆ.

ಮೊದಲ ವಾರ ಬಹಳ ಕಷ್ಟವಾಯಿತು. ಮಾತು ಬಾಯಿಯವರೆಗೆ ಬರುವುದು, ನಾನು ಕೆಮ್ಮುವುದು. ಮಕ್ಕಳು ನನಗೆ ದಮ್ಮು ಬಂದಿದೆ ಎಂದುಕೊಂಡರು. ಎರಡನೆಯ ವಾರ ನನಗೆ ಒಂದು ದಾರಿ ಕಂಡಿತು. ಆಗ ಅದನ್ನು ಆತ್ಮಿಕ ಬೆಳವಣಿಗೆ ಎಂದು ತಿಳಿದೆ. ನಮ್ಮ ಪದ್ಧತಿಯಲ್ಲಿ ಪ್ರಾರ್ಥನೆಗೆ ಪುಸ್ತಕವಿಲ್ಲ. ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ದೇವರಿಗೆ ಹೇಳಿಕೊಳ್ಳಬೇಕು. ಉಳಿದವರು ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಕೇಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಎಲ್ಲರೂ "ಆಮೆನ್" ಅನ್ನಬೇಕು, ಅಂದರೆ ಹಾಗೆಯೇ ಆಗಲಿ ಎಂದು ಒಪ್ಪಿಕೊಳ್ಳಬೇಕು. ಇಷ್ಟು ಒಳ್ಳೆಯ ಅನುಕೂಲ ಕೈಯಲ್ಲಿದ್ದೂ ನಾನು ಅಷ್ಟು ವರ್ಷ ಜನರ ಜೊತೆ ನೇರವಾಗಿ ಜಗಳವಾಡುತ್ತ ಕೂತಿದ್ದೆ.

ಮೊದಲು ಮನೆಯಲ್ಲಿ ಶುರುವಾಯಿತು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ನಾನು ಬಹಳ ಮೃದುವಾಗಿ, "ಪರಲೋಕದ ತಂದೆಯೇ, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದನ್ನು ಮರೆಯುವವರಿಗೆ ಒಳ್ಳೆಯ ಜ್ಞಾಪಕಶಕ್ತಿಯನ್ನು ದಯಪಾಲಿಸು" ಎಂದೆ. ಬಿರುಸು ಮಾತು ಒಂದೂ ಇಲ್ಲ. ಕೊನೆಗೆ ಆಮೆನ್ ಎಂದು ಕಾದೆ. ರೂತಮ್ಮನ ಕಡೆಯಿಂದ ಸದ್ದಿಲ್ಲ. ಕಣ್ಣು ತೆರೆದರೆ ಅವಳು ಆಗಲೇ ಎದ್ದು ಒಲೆಯ ಹತ್ತಿರ ಹೋಗಿದ್ದಳು. ಮರುದಿನ ಬಾವಿಯ ಹಗ್ಗ ಒದ್ದೆಯಾಗಿಯೇ ಬಿಡುವವರಿಗಾಗಿ ಪ್ರಾರ್ಥಿಸಿದೆ. ಅದಕ್ಕೂ ಆಮೆನ್ ಬರಲಿಲ್ಲ. ಹೆಂಡತಿಯ ಆಮೆನ್ ಇಲ್ಲದ ಪ್ರಾರ್ಥನೆ ಬಾಗಿಲು ತೆರೆದಿಟ್ಟ ಮನೆಯಂತೆ, ಮುಗಿಯಿತು ಎಂದು ಅನ್ನಿಸುವುದೇ ಇಲ್ಲ. ಆದರೂ ನಾನು ಬಿಡಲಿಲ್ಲ. ಆದಿತ್ಯವಾರದ ಸಭೆಯಲ್ಲೂ ತಡವಾಗಿ ಬರುವವರು, ಹಾಡುವಾಗ ನಿದ್ದೆ ಮಾಡುವವರು, ಮಕ್ಕಳನ್ನು ಶಾಲೆಗೆ ಕಳಿಸದವರು ಎಲ್ಲರೂ ಹೆಸರಿಲ್ಲದೆ ನನ್ನ ಪ್ರಾರ್ಥನೆಗೆ ಬಂದರು. ಹೆಸರು ಇರುತ್ತಿರಲಿಲ್ಲ, ಗುರುತು ಮಾತ್ರ ತಪ್ಪುತ್ತಿರಲಿಲ್ಲ.

ಈಗ ಸುಂದ್ರವ್ವನ ವಿಷಯ ಹೇಳಬೇಕು. ಅವಳು ನಮ್ಮ ಸಭೆಯ ವಿಧವೆ ಮುದುಕಿ. ದೇವಾಲಯದ ಕಸ ಹೊಡೆಯುವುದು, ಗಂಟೆ ಬಾರಿಸುವುದು, ಕಪಾಟಿನ ಕೀಲಿ ಇಟ್ಟುಕೊಳ್ಳುವುದು ಅವಳ ಕೆಲಸ. ಎಲ್ಲಕ್ಕಿಂತ ದೊಡ್ಡದು, ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವುದು. ನಮ್ಮ ಊರಿನಲ್ಲಿ ಹಸಿ ದ್ರಾಕ್ಷಿ ಎಲ್ಲಿ ಬರಬೇಕು? ನಮ್ಮ ಕಡೆ ಮನುಕ ಎನ್ನುವ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕುದಿಸಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸೋಸಿ ಅವಳು ರಸ ತೆಗೆಯುತ್ತಿದ್ದಳು. ಯುದ್ಧದ ಕಾಲದಲ್ಲಿ ಪೇಟೆಯಲ್ಲಿ ಮನುಕ ಕಣ್ಣಿಗೆ ಬೀಳುತ್ತಿರಲಿಲ್ಲ. ಪಾದ್ರಿ ಸಾಹೇಬರು ಹೈದರಾಬಾದಿನಿಂದ ಹೇಗೋ ತರಿಸಿ ಒಂದು ಸಣ್ಣ ತಗಡಿನ ಡಬ್ಬಿ ಕೊಟ್ಟು ಹೋಗಿದ್ದರು. ಅದು ಕಪಾಟಿನಲ್ಲಿತ್ತು, ಕೀಲಿ ಸುಂದ್ರವ್ವನ ಸೊಂಟದಲ್ಲಿತ್ತು.

ಮೂರು ತಿಂಗಳು ಮುಗಿಯಲು ಎರಡು ವಾರ ಇರುವಾಗ ನನ್ನ ಗಂಟಲು ಕಟ್ಟಿತು. ಅತಿಯಾಗಿ ಉಪಯೋಗಿಸಿದ್ದರಿಂದ ಎಂದು ಎಲ್ಲರೂ ಹೇಳಿದರು, ನಾನು ಧೂಳಿನಿಂದ ಎಂದೆ. ಪಕ್ಕದ ಮಾಣಿಕನಗರಕ್ಕೆ ಹಾಡಲು ಬರುವ ಗವಾಯಿಗಳಲ್ಲಿ ಒಬ್ಬರನ್ನು ನಾನು ಒಮ್ಮೆ ಕಂಡಿದ್ದೆ. ಸಂಜೆ ಹಾಡುವುದಿದ್ದರೆ ಅವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬೆಳಗಿನಿಂದ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆ ನೆನಪಿನಿಂದ ನಾನೂ ಒಂದು ಮಫ್ಲರ್ ಸುತ್ತಿಕೊಂಡೆ. ಮಾತಾಡದೇ ಇರುವ ಭಾಗ ಮಾತ್ರ ಮರೆತುಹೋಯಿತು. ರೂತಮ್ಮ ನಾಲ್ಕು ದಿನ ಬೆಳಿಗ್ಗೆ ಸಂಜೆ ಒಂದು ಕಷಾಯ ಮಾಡಿಕೊಟ್ಟಳು. ಕರಿಮೆಣಸು, ಶುಂಠಿ, ಇನ್ನೇನೋ ಸಿಹಿ. ಬಹಳ ರುಚಿಯಾಗಿತ್ತು. ಏನು ಹಾಕಿದ್ದೀ ಎಂದು ಕೇಳಲಿಲ್ಲ, ಆ ಹೊತ್ತಿಗೆ ನಾನು ಅವಳಿಗೆ ಬೇರೇನೋ ವಿವರಿಸುತ್ತಿದ್ದೆ. ಶನಿವಾರದ ಹೊತ್ತಿಗೆ ಧ್ವನಿ ಗಂಟೆಯ ಹಾಗೆ ತೆರೆದುಕೊಂಡಿತು.

ಅದೇ ಶನಿವಾರ ಹಾಡಿನ ಪುಸ್ತಕ ತೆಗೆಯಲು ಸುಂದ್ರವ್ವನಿಂದ ಕೀಲಿ ಇಸಿದುಕೊಂಡು ಕಪಾಟು ತೆರೆದೆ. ಸುಮ್ಮನೆ ಮನುಕದ ಡಬ್ಬಿ ಅಲುಗಾಡಿಸಿ ನೋಡಿದೆ. ಅರ್ಧಕ್ಕರ್ಧ ಖಾಲಿ. ಕೀಲಿ ತಿರುಗಿ ಕೊಟ್ಟು ಮನೆಗೆ ಬಂದು, ಗುಣವಾದ ಗಂಟಲಿನಲ್ಲಿ, ಪವಿತ್ರ ವಸ್ತುವನ್ನು ತಿನ್ನುವ ಜನ ಹುಟ್ಟಿದ್ದಾರಲ್ಲ ಎಂದು ಕೂಗಾಡಿದೆ. ರೂತಮ್ಮ "ಇಲ್ಲಿ ಕೇಳ್ರಿ" ಎಂದಳು. ನೀನು ಆ ಮುದುಕಿಯ ಪರ ವಹಿಸಬೇಡ ಎಂದೆ. ಮತ್ತೆ "ಕೇಳ್ರಿಲ್ಲೆ" ಎಂದಳು. ನಾನು ಯಾರಿಗೂ ಬಿರುಸು ಮಾತು ಅನ್ನುವುದಿಲ್ಲ, ಮಾತು ಕೊಟ್ಟಿದ್ದೇನೆ, ದೇವರಿಗೆ ಒಪ್ಪಿಸುತ್ತೇನೆ ಎಂದು ಹೊರಗೆ ಹೋದೆ.

ಮರುದಿನ ಒಪ್ಪಿಸಿಬಿಟ್ಟೆ. ತುಂಬಿದ ಸಭೆಯಲ್ಲಿ ಕಣ್ಣು ಮುಚ್ಚಿ, "ಕರ್ತನೇ, ನಿನ್ನ ಪವಿತ್ರ ಮೇಜಿಗಾಗಿ ಇಟ್ಟ ಹಣ್ಣನ್ನು ಗುಟ್ಟಾಗಿ ತಿನ್ನುವ ಬಾಯಿಯನ್ನು ಕ್ಷಮಿಸು. ಕೀಲಿ ಯಾರ ಹತ್ತಿರ ಇದೆ ಎಂಬುದು ನಿನಗೆ ತಿಳಿದೇ ಇದೆ" ಎಂದೆ. ಧ್ವನಿ ಬಹಳ ಚೆನ್ನಾಗಿ ಬಂತು. ಸಭೆ ಅಭ್ಯಾಸಬಲದಿಂದ "ಆಮೆನ್" ಎಂದಿತು. ಕಣ್ಣು ತೆರೆದಾಗ ಸುಂದ್ರವ್ವ ಕೂತಿದ್ದ ಚಾಪೆಯ ಮೇಲೆ ಕೀಲಿ ಇತ್ತು, ಸುಂದ್ರವ್ವ ಇರಲಿಲ್ಲ.

ರೂತಮ್ಮ ಆ ಕೀಲಿಯನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಮನೆಗೆ ಬಂದ ಮೇಲೆ ಮೊದಲು ಬಾಗಿಲು ಹಾಕಿದಳು. ಆಮೇಲೆ ಹೇಳಿದಳು.

"ಮನುಕ ತಿಂದಾವ್ರು ನೀವ. ಕಷಾಯಕ್ಕ ನಾ ಕೇಳಿದ್ದೆ. 'ದೇವ್ರ ಮಾತು ಹೇಳೋ ಗಂಟಲ ಅದ, ಒಯ್ಯವ್ವ' ಅಂತ ಆಕಿ ಎರಡ ಸಲ ಬೊಗಸಿ ತುಂಬಿ ಕೊಟ್ಲು. ನಿನ್ನೆ ಎರಡ ಸಲ ಹೇಳಾಕ ಬಂದೆ. ನೀವು ಬಾಯಿ ಬಿಡಾಕ ಬಿಟ್ರೇನು?"

ನಾನು ಆ ಹೊತ್ತು ಏನೂ ಮಾತಾಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು ಎಂದು ಅವಳು ಗುರುತು ಹಾಕಿಕೊಂಡಿದ್ದಾಳೆ. ಸುಂದ್ರವ್ವ ಕೊಟ್ಟ ಹಣ್ಣಿನಿಂದ ಗಂಟಲು ಸರಿಮಾಡಿಕೊಂಡು, ಅದೇ ಗಂಟಲಿನಿಂದ ಆಕೆಯನ್ನು ಕಳ್ಳಿ ಎಂದಿದ್ದೆ. ಅದೂ ದೇವರ ಮುಂದೆ, ಇಡೀ ಸಭೆಯ ಒಪ್ಪಿಗೆ ಪಡೆದು. ಸುಂದ್ರವ್ವ ಅಷ್ಟು ಜನರ ನಡುವೆ, ಕೊಟ್ಟದ್ದು ನಿಮ್ಮ ಹೆಂಡತಿಗೇ ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅವಳು ಅನ್ನಲಿಲ್ಲ. ನನಗೆ ನಾಚಿಕೆಯಾಯಿತು. ಸಂಜೆ ಅವಳ ಗುಡಿಸಲಿಗೆ ಹೋದರೆ ಬೀಗ ಹಾಕಿತ್ತು. ಕಲ್ಯಾಣಿಯಲ್ಲಿರುವ ಮಗಳ ಮನೆಗೆ ಹೋದಳು, ಇನ್ನು ಬರುವುದಿಲ್ಲವಂತೆ ಎಂದು ನೆರೆಯವರು ಹೇಳಿದರು. ಮುಂದಿನ ಆದಿತ್ಯವಾರ ಪಾದ್ರಿ ಸಾಹೇಬರು ಬರುವವರು. ಯಾರ ಜೊತೆಗಾದರೂ ಮನಸ್ತಾಪ ಇದ್ದವರು ರಾಜಿಯಾಗದೆ ಕರ್ತನ ಭೋಜನದ ಮೇಜಿನ ಹತ್ತಿರ ಬರಬಾರದು ಎಂಬುದು ನಮ್ಮ ಸಭೆಯ ಕಟ್ಟುನಿಟ್ಟಾದ ನಿಯಮ. ಆ ನಿಯಮವನ್ನು ಎಲ್ಲರಿಗೂ ಪಾಠ ಹೇಳಿದವನು ನಾನೇ.

ನಿಜಾಮರ ರಾಜ್ಯದಲ್ಲಿ ಶಾಲೆಗೆ ಶುಕ್ರವಾರವೂ ರಜೆ, ಅವತ್ತು ಕಲ್ಯಾಣಿಗೆ ಹೊರಟೆ. ಈಗ ಬಸವಕಲ್ಯಾಣ ಎನ್ನುತ್ತಾರೆ. ಪೆಟ್ರೋಲು ಸಿಗದ ದಿನಗಳು, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಲ್ಲೇ ಓಡಿಸುತ್ತಿದ್ದರು. ಏರು ಬಂದಾಗಲೆಲ್ಲ ನಾವು ಇಳಿದು ನಡೆಯಬೇಕು. ನಡೆಯುತ್ತ, ಕೂರುತ್ತ ನಾನು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿದೆ. ಪೀಠಿಕೆ ಬಹಳ ಚೆನ್ನಾಗಿ ಬಂತು. ಮನುಷ್ಯಸ್ವಭಾವದ ಬಗ್ಗೆ ಒಂದು ಭಾಗ, ಯುದ್ಧಕಾಲದ ಅಭಾವದ ಬಗ್ಗೆ ಒಂದು ಭಾಗ. ಪಕ್ಕದಲ್ಲಿ ಕೂತಿದ್ದ ಒಬ್ಬ ಗೌಡರಿಗೆ ಸ್ವಲ್ಪ ಹೇಳಿ ತೋರಿಸಿದೆ. ಅವರು ಮುಂದಿನ ಏರಿನಲ್ಲಿ ಇಳಿದವರು ಮತ್ತೆ ನನ್ನ ಪಕ್ಕಕ್ಕೆ ಬರಲಿಲ್ಲ.

ಕೋಟೆಯ ಹಿಂದಿನ ಓಣಿಯಲ್ಲಿ ಮಗಳ ಮನೆ. ಸುಂದ್ರವ್ವ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. "ಬರ್ರಿ ಮಾಸ್ತರ್ರೇ" ಎಂದಳು, ನೀರು ಕೊಟ್ಟಳು, ಮತ್ತೆ ಕಲ್ಲು ಆರಿಸತೊಡಗಿದಳು. ನಾನು ಪೀಠಿಕೆ ತೆಗೆದೆ. ಮನುಷ್ಯಸ್ವಭಾವ ಮುಗಿಯಿತು, ಯುದ್ಧಕಾಲ ಬಂತು. ಮೊರದ ಬೇಳೆ ಮುಗಿದು ಇನ್ನೊಂದು ಸೇರು ಸುರಿದುಕೊಂಡಳು. ತಪ್ಪು ಯಾರದು ಎಂಬ ಕಡೆಗೆ ಬರುವಾಗ ನನಗೆ ನಾಲಿಗೆ ಸರಿಯಾಗಿ ಹೊರಳಲಿಲ್ಲ. ಸುಲಭದ ದಾರಿ ಎಂದು, "ಇರಲಿ ಅವ್ವ, ಇಬ್ಬರೂ ಕೂಡಿ ಪ್ರಾರ್ಥನೆ ಮಾಡೋಣು" ಎಂದು ಕಣ್ಣು ಮುಚ್ಚಿದೆ.

"ಕಣ್ಣ ತೆರೀರಿ ಮಾಸ್ತರ್ರೇ" ಎಂದಳು ಸುಂದ್ರವ್ವ.

ತೆರೆದೆ. ಅವಳು ಮೊರ ಕೆಳಗಿಟ್ಟಿದ್ದಳು.

"ನೀವು ದೇವ್ರ ಜೋಡಿ ಮಾತಾಡಾಕತ್ತಿದ್ರಿ. ನಡುವ ನಾ ಹ್ಯಾಂಗ ಬಾಯಿ ಹಾಕ್ಲಿ? ನನ್ನ ಬೈದಿದ್ರ ನಾನೂ ಎರಡ ಮಾತು ಬೈದು ಮರೀತಿದ್ದೆ. ಇಷ್ಟು ವರ್ಷ ಆ ರಸ ಮಾಡೀನಿ, ಒಂದ ಮನುಕ ಬಾಯಾಗ ಹಾಕ್ಕೊಂಡಿಲ್ಲ. ಸಭಾದಾಗ ಕಣ್ಣ ಮುಚ್ಚಿ ಅಂದೀರಿ, ಸಭಾದಾಗ ಕಣ್ಣ ತೆರೆದು ಅನ್ರಿ. ದೇವ್ರಿಗಲ್ಲ. ನನಗ ಅನ್ರಿ."

ನೀನು ಬರುತ್ತೀಯಾ ಎಂದು ಕೇಳಿದೆ. ಊಟದ ಹೊತ್ತಾಗಿದೆ ಎಂದು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಅವಳೇ ಹಾಕಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೂ ನನ್ನಿಂದ ದೂರ ಹೋಗಿ ಕೂರಬೇಕಾಗಲಿಲ್ಲ.

ಆದಿತ್ಯವಾರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ರೊಟ್ಟಿ ಇತ್ತು, ಬಟ್ಟಲು ಖಾಲಿ ಇತ್ತು. ಪಾದ್ರಿ ಸಾಹೇಬರು ನನ್ನ ಕಡೆ ನೋಡಿದರು, ನಾನು ಬಾಗಿಲ ಕಡೆ ನೋಡುತ್ತಿದ್ದೆ. ಎರಡನೆಯ ಹಾಡಿನ ಹೊತ್ತಿಗೆ ಸುಂದ್ರವ್ವ ಬಂದು ಎಲ್ಲರಿಗಿಂತ ಹಿಂದೆ, ಹೊಸ್ತಿಲ ಹತ್ತಿರ ಕೂತಳು. ಕೀಲಿ ಕೇಳಲಿಲ್ಲ. ಮನಸ್ತಾಪ ಇದ್ದವರು ಯಾರಾದರೂ ಇದ್ದೀರಾ ಎಂದು ಪಾದ್ರಿ ಸಾಹೇಬರು ವಾಡಿಕೆಯಂತೆ ಕೇಳಿದಾಗ ನಾನು ಎದ್ದು ನಿಂತೆ. ಜೇಬಿನಲ್ಲಿ ಎರಡು ಪುಟ ಬರೆದುಕೊಂಡದ್ದು ಇತ್ತು. ಕಣ್ಣು ತೆರೆದು ನಿಂತರೆ ಸಭೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಎಲ್ಲರಿಗೂ ಮುಖ ಇತ್ತು, ಎಲ್ಲ ಮುಖಗಳಿಗೂ ಕಣ್ಣು ಇತ್ತು. ಕಾಗದ ಜೇಬಿನಲ್ಲೇ ಉಳಿಯಿತು.

"ಸುಂದ್ರವ್ವ, ಮನುಕ ತಿಂದಾಂವ ನಾ. ನೀ ಕೊಟ್ಟಿದ್ದು ನನ್ನ ಗಂಟಲಕ್ಕ. ನನ್ನ ತಪ್ಪಾತು" ಎಂದೆ. ಅಷ್ಟೇ. ಮುಂದೆ ಇನ್ನೇನೂ ಬರಲಿಲ್ಲ.

ಸಭೆ ಕಾಯಿತು. ಮಾಸ್ತರ ಶುರುಮಾಡಿದ್ದು ಇಷ್ಟು ಬೇಗ ಮುಗಿಯುತ್ತದೆ ಎಂದು ಯಾರೂ ನಂಬಲಿಲ್ಲ. ಆಗ ಹೆಂಗಸರ ಕಡೆಯಿಂದ ಒಂದು ಧ್ವನಿ "ಆಮೆನ್" ಎಂದಿತು. ರೂತಮ್ಮನದು. ಎರಡೂವರೆ ತಿಂಗಳ ಬಾಕಿಯೆಲ್ಲ ಸೇರಿಸಿ ಅಂದಂತಿತ್ತು. ಪ್ರಾರ್ಥನೆಯೇ ಅಲ್ಲದ ಮಾತಿಗೆ ಆಮೆನ್ ಅನ್ನಬಹುದೇ ಎಂದು ಜನ ಪಾದ್ರಿ ಸಾಹೇಬರನ್ನು ನೋಡಿದರು. ಅವರೇ "ಆಮೆನ್" ಎಂದುಬಿಟ್ಟರು. ಆಮೇಲೆ ಎಲ್ಲರೂ ಅಂದರು. ಸುಂದ್ರವ್ವ ಎದ್ದು ಸೆರಗು ಸರಿಮಾಡಿಕೊಂಡು ರೂತಮ್ಮನ ಮುಂದೆ ಕೈ ಚಾಚಿದಳು, ರೂತಮ್ಮ ಕೀಲಿ ಕೊಟ್ಟಳು.

"ಅರ್ಧ ತಾಸು ತಡೀರಿ ಸಾಹೇಬ್ರ, ಕುದಿಸಿಕೊಂಡ ಬರ್ತೀನಿ" ಎಂದು ಡಬ್ಬಿ ಹಿಡಿದು ಸುಂದ್ರವ್ವ ಪಕ್ಕದ ನಮ್ಮ ಮನೆಯ ಒಲೆಯ ಕಡೆ ಹೋದಳು.

ಅಷ್ಟು ಹೊತ್ತು ಸಭೆಯನ್ನು ಕೂರಿಸಬೇಕಲ್ಲ. ಪಾದ್ರಿ ಸಾಹೇಬರು, ಮಾಸ್ತರ್ರೇ, ಅರ್ಧ ತಾಸು ಏನಾದರೂ ಎರಡು ಮಾತು ಹೇಳಿ ಎಂದರು. ಅವರೇ ಕೇಳಿ ಮಾತಾಡಿಸುವ ಅಂಥ ಅವಕಾಶ ನನ್ನ ಜೀವಮಾನದಲ್ಲಿ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬೇಡ, ಹಾಡೋಣ ಎಂದೆ. ಆರು ಹಾಡು ಹಾಡಿದೆವು. ಒಲೆಯ ಹೊಗೆಯ ಜೊತೆ ದ್ರಾಕ್ಷಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ರಸ ಆ ಸಲ ಸ್ವಲ್ಪ ತೆಳುವಾಗಿತ್ತು. ಅದು ಯಾಕೆ ತೆಳು ಎಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಅನ್ನಲಿಲ್ಲ. ನನ್ನ ಪಾಲಿನದನ್ನು ಕುಡಿಯುವಾಗ ಕಣ್ಣು ಒದ್ದೆಯಾಯಿತು, ಅದನ್ನು ಹೇಳಲು ಸಂಕೋಚವಿಲ್ಲ.

ಅವತ್ತಿನಿಂದ ನಾನು ಪೂರ್ತಿ ಸುಧಾರಿಸಿದೆ ಎಂದು ಬರೆದರೆ ರೂತಮ್ಮ ಈ ಕಾಗದವನ್ನು ಒಲೆಗೆ ಹಾಕುತ್ತಾಳೆ. ಬದಲಾದದ್ದು ಇಷ್ಟೇ. ಮನೆಯಲ್ಲಿ ನಾನು ಕಣ್ಣು ತೆರೆದೇ ಪ್ರಾರ್ಥಿಸಬೇಕು ಎಂದು ಅವಳು ಕಾನೂನು ಮಾಡಿದಳು. ಎದುರಿಗೆ ಕೂತವರ ಮುಖ ನೋಡುತ್ತ ಅವರ ಉಪ್ಪಿನ ವಿಷಯ ದೇವರಿಗೆ ಹೇಳುವುದು ಬಹಳ ಕಷ್ಟ, ಬೇಕಾದರೆ ನೀವೂ ಪ್ರಯತ್ನಿಸಿ ನೋಡಿ. ಹಾಗೂ ಮೀರಿ ಉದ್ದವಾದರೆ ಅವಳು ನಡುವೆಯೇ ಆಮೆನ್ ಅಂದುಬಿಡುತ್ತಾಳೆ, ಅಲ್ಲಿಗೆ ಮುಗಿಸಬೇಕು.

ಈಗ ವಯಸ್ಸಾಗಿದೆ. ಇದಿಷ್ಟನ್ನೂ ಇವತ್ತು ಬೆಳಿಗ್ಗೆ ಅವಳಿಗೆ ಓದಿ ಹೇಳಿದೆ. ಗವಾಯಿಗಳ ವಿಷಯ, ಉರ್ದುವಿನ ವಿಷಯ ಎರಡೆರಡು ಸಲ ಓದಿದ್ದರಿಂದ ಗಂಟಲು ಮತ್ತೆ ಕಟ್ಟಿತು. ಅವಳು ಒಳಗೆ ಹೋಗಿ ಕಷಾಯ ಮಾಡಿ ತಂದಳು. ಅದೇ ಮೆಣಸು, ಅದೇ ಶುಂಠಿ, ಅದೇ ಸಿಹಿ. ನಾನು ಬುದ್ಧಿ ಕಲಿತವನು. ಲೋಟ ಬಾಯಿಗೆ ಹಚ್ಚುವ ಮೊದಲು, ಈ ಮನುಕ ಎಲ್ಲಿಂದ ತಂದೆ, ಯಾರನ್ನು ಕೇಳಿ ತಂದೆ ಎಂದು ವಿಚಾರಿಸಿದೆ.

"ಮೊದಲ ಕುಡೀರಿ, ಆಮ್ಯಾಲ ಹೇಳ್ತೀನಿ" ಎಂದಳು.

ಕುಡಿದೆ. ಬಿಸಿ ಇತ್ತು, ಗುಟುಕು ಗುಟುಕಾಗಿ ಕುಡಿಯಬೇಕಾಯಿತು. ಅವಳು ಎದುರಿಗೆ ಕೂತು, ಬಹಳ ನೆಮ್ಮದಿಯಿಂದ, ಹೊರಗೆ ಬೇವಿನ ಮರದಲ್ಲಿ ಗುಬ್ಬಿಗಳು ಗದ್ದಲ ಮಾಡುವುದನ್ನು ಕೇಳುತ್ತಿದ್ದಳು. ಕುಡಿಯುವಷ್ಟು ಹೊತ್ತು ಬಾಯಿ ಮುಚ್ಚಿರುತ್ತದೆ, ಆ ಕಷಾಯದ ನಿಜವಾದ ಗುಣ ಅದೇ ಎಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿದೆ. ನನಗೆ ಹೊಳೆದದ್ದು ಇವತ್ತು, ಲೋಟ ಖಾಲಿಯಾದ ಮೇಲೆ.